ರೇಸ್ ನೋಡಲು ಹೋಗಿ ರಿಪೇರಿ ನೋಡಿ ಬಂದೆ

ಯಾರು ಗೆದ್ದರು ಅಂತ ಈ ಬರಹದಲ್ಲಿ ಸಿಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಗೆದ್ದವರ ಹೆಸರು, ಲ್ಯಾಪ್ ಟೈಮ್, ಪಾಯಿಂಟ್ಸ್ ಪಟ್ಟಿ ಎಲ್ಲ ಹುಡುಕಿದರೆ ಎರಡು ನಿಮಿಷದಲ್ಲಿ ಸಿಗುತ್ತವೆ. ನನಗೆ ಹೇಳಬೇಕಿರುವುದು ಭಾನುವಾರ ಮಧ್ಯಾಹ್ನದ ಕಥೆ. ಎರಡು ರೇಸ್‌ಗಳ ನಡುವೆ, ಒಂದು ಹಗ್ಗದ ಈಚೆ ನಿಂತುಕೊಂಡು, ಎರಡೂವರೆ ಗಂಟೆ ನಾನು ನೋಡಿದ ಕೆಲಸದ ಕಥೆ.

ನಾನು ಲಿಫ್ಟ್ ಮೆಕ್ಯಾನಿಕ್. ಹದಿನೇಳು ವರ್ಷದಿಂದ ಇದೇ ಕೆಲಸ. ಲಿಫ್ಟ್ ಸರಿಯಾಗಿ ಓಡುತ್ತಿರುವಷ್ಟು ದಿನ ನಮ್ಮ ನೆನಪು ಯಾರಿಗೂ ಬರುವುದಿಲ್ಲ. ನಿಂತಾಗ ಫೋನ್ ಬರುತ್ತದೆ, ಜೊತೆಗೆ ನಾಲ್ಕು ಬೈಗುಳ. ಹಾಗಾಗಿ ಯಾರಾದರೂ ಏನನ್ನಾದರೂ ಬಿಚ್ಚಿ ಜೋಡಿಸುತ್ತಿದ್ದರೆ ನನ್ನ ಕಾಲು ತಾನಾಗಿಯೇ ಅಲ್ಲಿ ನಿಂತುಬಿಡುತ್ತದೆ. ಕೆಟ್ಟ ಚಾಳಿ.

ರೇಸ್ ಅಂದರೆ ನನಗೆ ಟಿವಿಯಲ್ಲಿ ಬರುವ ಫಾರ್ಮುಲಾ ಒನ್ ಅಷ್ಟೇ ಆಗಿತ್ತು. ಟೂರಿಂಗ್ ಕಾರ್ ರೇಸ್ ಬಗ್ಗೆ ಸ್ವಲ್ಪ ತಾತ್ಸಾರವೇ ಇತ್ತು. ರಸ್ತೆಯಲ್ಲಿ ಓಡಾಡುವ ಕಾರುಗಳನ್ನೇ ತಂದು ಒಂದಕ್ಕೊಂದು ಗುದ್ದಿಸುತ್ತಾರೆ, ಅದರಲ್ಲೇನಿದೆ ಅಂದುಕೊಂಡಿದ್ದೆ. ಮೇ ತಿಂಗಳಲ್ಲಿ ಜೊತೆಯಲ್ಲಿ ಕೆಲಸ ಮಾಡುವವನೊಬ್ಬ ಬೆನ್ನು ಹಿಡಿದುಕೊಂಡು ಮಲಗಿದ. ಅವನ ಹತ್ತಿರ ಬ್ರಾಂಡ್ಸ್ ಹ್ಯಾಚ್‌ನ ವಾರಾಂತ್ಯದ ಟಿಕೆಟ್ ಇತ್ತು. ಬ್ರಿಟಿಷ್ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್, ಎಲ್ಲರೂ ಕರೆಯುವಂತೆ ಬಿಟಿಸಿಸಿ. "ನೀನಾದರೂ ಹೋಗಿ ಬಾ, ಸುಮ್ನೆ ಹಾಳಾಗುತ್ತೆ" ಅಂದ. ಹೋದೆ. ಹೋಗುವಾಗ ಕಿವಿಗೆ ಹಾಕಿಕೊಳ್ಳುವ ಪ್ಲಗ್ ಮರೆತೆ. ದಿನಾ ಮಷೀನ್ ರೂಮಿನಲ್ಲಿ ಅದನ್ನೇ ಹಾಕಿಕೊಂಡು ಕೆಲಸ ಮಾಡುವವನು ರೇಸಿಗೆ ಹೋಗುವಾಗ ಮರೆಯುತ್ತಾನೆ ಅಂದರೆ ನೋಡಿ.

ಬ್ರಾಂಡ್ಸ್ ಹ್ಯಾಚ್ ಇರುವುದು ಲಂಡನ್ನಿನ ಆಗ್ನೇಯಕ್ಕೆ, ಕೆಂಟ್ ಕೌಂಟಿಯಲ್ಲಿ. ಅಲ್ಲಿ ಎರಡು ಅಳತೆಯ ಟ್ರ್ಯಾಕ್ ಇವೆ. ಕಾಡಿನೊಳಗೆ ಹೋಗಿ ಬರುವ ಉದ್ದದ ಗ್ರ್ಯಾಂಡ್ ಪ್ರಿ ಸರ್ಕ್ಯೂಟ್ 3.9 ಕಿಲೋಮೀಟರ್. 1964ರಿಂದ 1986ರವರೆಗೆ ಫಾರ್ಮುಲಾ ಒನ್ ಓಡಿದ್ದು ಅದರ ಮೇಲೆ. ಇನ್ನೊಂದು ಗಿಡ್ಡದು, ಇಂಡಿ ಸರ್ಕ್ಯೂಟ್, ಎರಡು ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಮೇ ತಿಂಗಳ ರೇಸ್ ನಡೆಯುವುದು ಈ ಗಿಡ್ಡದರಲ್ಲಿ. ಒಂದು ಸುತ್ತು ಮುಗಿಯಲು ಐವತ್ತು ಸೆಕೆಂಡೂ ಬೇಡ. ಜಾಗ ಒಂದು ದೊಡ್ಡ ಬೋಗುಣಿಯ ಹಾಗಿದೆ. ಅಂಚಿನ ದಿಬ್ಬದ ಮೇಲೆ ನಾವು, ತಳದಲ್ಲಿ ಕಾರುಗಳು. ಸರಿಯಾದ ಜಾಗ ಹಿಡಿದರೆ ಟ್ರ್ಯಾಕ್‌ನ ಬಹುಪಾಲು ಒಂದೇ ಕಡೆಯಿಂದ ಕಾಣುತ್ತದೆ. ಟಿವಿಯಲ್ಲಿ ಕ್ಯಾಮೆರಾ ಎಲ್ಲಿ ತೋರಿಸುತ್ತೋ ಅಲ್ಲಿ ನೋಡಬೇಕು. ಇಲ್ಲಿ ಎಲ್ಲಿ ನೋಡಬೇಕು ಅನ್ನುವುದು ನಮ್ಮ ತಲೆನೋವು.

ಶನಿವಾರ ಪ್ರಾಕ್ಟೀಸ್ ಮತ್ತು ಕ್ವಾಲಿಫೈಯಿಂಗ್, ಅಂದರೆ ಯಾರು ಎಷ್ಟನೇ ಜಾಗದಿಂದ ಹೊರಡಬೇಕು ಅನ್ನುವ ತೀರ್ಮಾನ. ನಾನು ಮೊದಲು ಹೋಗಿ ನಿಂತಿದ್ದು ಪ್ಯಾಡಾಕ್ ಹಿಲ್ ಬೆಂಡ್ ಹತ್ತಿರ. ಅದು ಮೊದಲ ತಿರುವು. ಟಿವಿ ಎಷ್ಟು ಸುಳ್ಳು ಹೇಳುತ್ತೆ ಅಂತ ಗೊತ್ತಾಗಿದ್ದು ಅಲ್ಲೇ. ಪರದೆ ಮೇಲೆ ಅದು ಸಾಮಾನ್ಯ ಬಲ ತಿರುವು. ಎದುರಿಗೆ ನಿಂತರೆ ಅದು ತಿರುವೂ ಹೌದು, ಬಾವಿಯೂ ಹೌದು. ಡ್ರೈವರ್ ಸ್ಟೀರಿಂಗ್ ತಿರುಗಿಸುವಾಗ ಮುಂದಿನ ರಸ್ತೆ ಅವನಿಗೆ ಕಾಣುವುದೇ ಇಲ್ಲ. ನೆಲ ಕಾಲಡಿಯಿಂದ ಜಾರಿಹೋಗುತ್ತದೆ. ಕಾರು ಅರೆಕ್ಷಣ ಹಗುರವಾಗುತ್ತದೆ, ತಳಕ್ಕೆ ಬಂದಾಗ ಸಸ್ಪೆನ್ಶನ್ ಪೂರ್ತಿ ಕುಸಿದು ಕೂರುತ್ತದೆ, ಆಮೇಲೆ ತಕ್ಷಣ ಏರು. ಏರಿನ ತುದಿಯಲ್ಲಿ ಡ್ರೂಯಿಡ್ಸ್, ಪಿನ್ನಿನ ಹಾಗೆ ಮಡಚಿದ ತಿರುವು. ಲಿಫ್ಟ್ ಕೆಳಗೆ ಹೊರಟಾಗ ಹೊಟ್ಟೆಯೊಳಗೆ ಒಂಥರಾ ಆಗುತ್ತದಲ್ವಾ? ಅದು ಆಗದ ಹಾಗೆ ಮಾಡುವುದೇ ನಮ್ಮ ಕೆಲಸ. ಇವರು ಅದನ್ನೇ ಸುತ್ತಿಗೊಂದು ಸಲ ಹುಡುಕಿಕೊಂಡು ಹೋಗುತ್ತಾರೆ.

ನನ್ನ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಹಿರಿಯರು ಕೂತಿದ್ದರು. ತೊಡೆ ಮೇಲೆ ಗೆರೆ ಎಳೆದ ಕಾಗದ, ಕೈಯಲ್ಲಿ ಪೆನ್ಸಿಲ್. ಪ್ರತಿ ಸುತ್ತಿನಲ್ಲೂ ಕಾರುಗಳು ಹೋದ ಹಾಗೇ ನಂಬರುಗಳನ್ನು ಸಾಲಾಗಿ ಬರೆದುಕೊಳ್ಳುತ್ತಿದ್ದರು. ಇದನ್ನು ಲ್ಯಾಪ್ ಚಾರ್ಟ್ ಅನ್ನುತ್ತಾರೆ. ಮೊಬೈಲಿನಲ್ಲಿ ಲೈವ್ ಟೈಮಿಂಗ್ ಬರುತ್ತದೆಯಲ್ಲ ಅಂದೆ. "ಮೊಬೈಲ್ ನೋಡಿದರೆ ಗೊತ್ತಾಗುತ್ತದೆ, ಬರೆದರೆ ಕಾಣುತ್ತದೆ" ಅಂದರು. ಅವರು ಶನಿವಾರದ ಪ್ರಾಕ್ಟೀಸಿಗೂ ಬರೆಯುತ್ತಿದ್ದರು. ಯಾತಕ್ಕೆ ಅಂತ ಕೇಳಿದ್ದಕ್ಕೆ, ಕೈ ಪಳಗಲಿ ಅಂತ ಅಂದರು.

ಟೂರಿಂಗ್ ಕಾರಿನ ಪಾಠವೂ ಅವರದ್ದೇ. ಹೊರಗಿನಿಂದ ಅಂಗಡಿಯಲ್ಲಿ ಸಿಗುವ ಕಾರು. ಫೋರ್ಡ್ ಫೋಕಸ್, ಹ್ಯುಂಡೈ ಐ30, ಬಿಎಂಡಬ್ಲ್ಯು 3 ಸೀರೀಸ್, ಟೊಯೋಟಾ ಕೊರೊಲ್ಲಾ, ಹೀಗೆ. ಒಳಗೆ ಡ್ರೈವರಿನ ಸೀಟು, ಉಕ್ಕಿನ ಪಂಜರ, ಅಷ್ಟೇ. ಎರಡು ಲೀಟರ್ ಟರ್ಬೊ ಎಂಜಿನ್, 350ಕ್ಕಿಂತ ಜಾಸ್ತಿ ಅಶ್ವಶಕ್ತಿ. ಟೈರನ್ನು ಮೊದಲೇ ಬಿಸಿ ಮಾಡಿಡುವ ಕಂಬಳಿ ಇಲ್ಲಿ ಇಲ್ಲ, ಹಾಗಾಗಿ ಮೊದಲ ಸುತ್ತಿನಲ್ಲಿ ಎಲ್ಲರೂ ತಣ್ಣನೆ ಟೈರಿನ ಮೇಲೆ ಜಾರಾಡುತ್ತಾರೆ. ಕೆಲವು ಕಾರಿಗೆ ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೆ, ಬಿಎಂಡಬ್ಲ್ಯುಗೆ ಹಿಂದಿನ ಚಕ್ರಕ್ಕೆ. ಹಿಂದಿನ ಚಕ್ರದವರು ರೇಸ್ ಶುರುವಿನ ಕೆಂಪು ದೀಪ ಆರಿದ ಕೂಡಲೇ ಕವಣೆಯಿಂದ ಬಿಟ್ಟ ಹಾಗೆ ಹೊರಡುತ್ತಾರೆ. ಹೊರಡುವಾಗ ಕಾರಿನ ಭಾರ ಹಿಂದಕ್ಕೆ ವಾಲುತ್ತದೆ, ಹಿಡಿತ ಅಲ್ಲೇ ಸಿಗುತ್ತದೆ.

ಈ ಚಾಂಪಿಯನ್‌ಶಿಪ್ ಶುರುವಾಗಿದ್ದು 1958ರಲ್ಲಿ, ಆಗ ಹೆಸರು ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಶಿಪ್. ಆ ಮೊದಲ ವರ್ಷದ ಕಥೆಯನ್ನು ಹಿರಿಯರು ತಾವೇ ನೋಡಿದ್ದರೇನೋ ಅನ್ನುವ ಹಾಗೆ ಹೇಳಿದರು. ನೋಡಿದ್ದು ಅವರಲ್ಲ, ಅವರ ಅಪ್ಪ. ಸೀಸನ್ ಮುಗಿದಾಗ ಜಾಕ್ ಸಿಯರ್ಸ್ ಮತ್ತು ಟಾಮಿ ಸಾಪ್‌ವಿತ್ ಇಬ್ಬರದ್ದೂ ಸಮ ಪಾಯಿಂಟ್. ಒಬ್ಬರು ಆಸ್ಟಿನ್ ಓಡಿಸುತ್ತಿದ್ದವರು, ಇನ್ನೊಬ್ಬರು ಜಾಗ್ವಾರ್. ತೀರ್ಮಾನ ಹೇಗೆ? ಒಂದೇ ಥರದ ಎರಡು ರೈಲಿ ಕಾರು ತಂದರು. ಇದೇ ಬ್ರಾಂಡ್ಸ್ ಹ್ಯಾಚ್‌ನಲ್ಲಿ ಇಬ್ಬರನ್ನೇ ಓಡಿಸಿದರು. ಆಮೇಲೆ ಕಾರು ಅದಲು ಬದಲು ಮಾಡಿ ಇನ್ನೊಮ್ಮೆ ಓಡಿಸಿದರು. ಎರಡೂ ಕೂಡಿಸಿ ನೋಡಿದಾಗ ಸಿಯರ್ಸ್ 1.6 ಸೆಕೆಂಡ್ ಮುಂದೆ. ಕಾರು ಎಷ್ಟು, ಮನುಷ್ಯ ಎಷ್ಟು ಅನ್ನುವ ಜಗಳಕ್ಕೆ ಇದಕ್ಕಿಂತ ಚೊಕ್ಕವಾದ ಪಂಚಾಯಿತಿ ನಾನು ಕೇಳಿಲ್ಲ.

ಇನ್ನೂ ಏನೇನೋ ಹೇಳಿದರು. 1994ರಲ್ಲಿ ವೋಲ್ವೊ ಕಂಪನಿ ಉದ್ದ ಡಿಕ್ಕಿಯ ಎಸ್ಟೇಟ್ ಕಾರನ್ನೇ ರೇಸಿಗೆ ಇಳಿಸಿದ್ದು. ಸಾಮಾನು ಸಾಗಿಸುವ ಕಾರು ಇದೇ ತಿರುವಿನಲ್ಲಿ ಬಾಲ ಅಲ್ಲಾಡಿಸಿಕೊಂಡು ಹೋಗಿದ್ದು. ಫಾರ್ಮುಲಾ ಒನ್ ಗೆದ್ದ ಜಿಮ್ ಕ್ಲಾರ್ಕ್ 1964ರಲ್ಲಿ ಲೋಟಸ್ ಕಾರ್ಟಿನಾ ಓಡಿಸಿ ಈ ಚಾಂಪಿಯನ್‌ಶಿಪ್ಪನ್ನೂ ಗೆದ್ದಿದ್ದು. ಕೊನೆಯ ತಿರುವಿಗೆ ಕ್ಲಾರ್ಕ್ ಕರ್ವ್ ಅಂತಲೇ ಹೆಸರು. ನಾನು ಅರ್ಧ ಕೇಳಿಸಿಕೊಂಡೆ, ಅರ್ಧ ಕೇಳಿಸಲಿಲ್ಲ. ಕಿವಿಯ ಪ್ಲಗ್ ಮರೆತ ಪುಣ್ಯ. ಸಂಜೆ ರೈಲಿನಲ್ಲಿ ಎದುರಿನವರ ಜೊತೆ ನಾನು ಕಿರುಚಿ ಮಾತಾಡುತ್ತಿದ್ದೆನಂತೆ.

ಭಾನುವಾರ ಪ್ಲಗ್ ಹಾಕಿಕೊಂಡೇ ಮನೆ ಬಿಟ್ಟೆ.

ಭಾನುವಾರದ ಲೆಕ್ಕ ಹೀಗೆ. ಟೂರಿಂಗ್ ಕಾರಿನವರಿಗೆ ಒಂದೇ ದಿನ ಮೂರು ರೇಸ್. ಒಂದೊಂದೂ ಇಪ್ಪತ್ತು ಇಪ್ಪತ್ತೈದು ನಿಮಿಷ, ಅಪಘಾತವಾದಾಗ ಎಲ್ಲರನ್ನೂ ನಿಧಾನ ಮಾಡಿಸುವ ಸೇಫ್ಟಿ ಕಾರ್ ಬಂದರೆ ಇನ್ನೂ ಸ್ವಲ್ಪ. ಮೊದಲನೆಯದು ಮಧ್ಯಾಹ್ನಕ್ಕೆ ಮುಂಚೆ, ಕೊನೆಯದು ಸಂಜೆ. ಮೊದಲ ರೇಸಿನಲ್ಲಿ ಯಾರು ಎಷ್ಟನೆಯವರಾಗಿ ಮುಗಿಸಿದರೋ ಅದೇ ಸಾಲಿನಲ್ಲಿ ಎರಡನೆಯದು ಶುರು. ನಡುವೆ ಬೇರೆ ರೇಸ್‌ಗಳು. ಪೋರ್ಷೆ ಕಾರಿನವರದ್ದು, ಮಿನಿಯವರದ್ದು, ಹದಿನಾಲ್ಕರಿಂದ ಹದಿನೇಳು ವರ್ಷದ ಮಕ್ಕಳು ಓಡಿಸುವ ಜಿನೆಟ್ಟಾ ಜೂನಿಯರ್. ಈಗ ಫಾರ್ಮುಲಾ ಒನ್ ಓಡಿಸುವ ಲ್ಯಾಂಡೊ ನಾರಿಸ್ 2014ರಲ್ಲಿ ಓಡಿಸಿದ್ದು ಆ ಜಿನೆಟ್ಟಾವನ್ನೇ. ರಸ್ತೆ ಲೈಸೆನ್ಸ್ ಸಿಗದ ವಯಸ್ಸಿನ ಮಕ್ಕಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಪ್ಯಾಡಾಕ್ ಹಿಲ್ ಇಳಿಯುವುದನ್ನು ನೋಡಿದರೆ ಹೆತ್ತವರ ಹೊಟ್ಟೆ ಏನಾಗಬೇಡ.

ಮೊದಲ ರೇಸಿಗೆ ನಾನು ಜಾಗ ಬದಲಿಸಿದೆ. ಆ ಹಿರಿಯರೇ ಹೇಳಿದ್ದರು, ಸೌತ್ ಬ್ಯಾಂಕ್ ಅನ್ನುವ ದಿಬ್ಬಕ್ಕೆ ಹೋಗು ಅಂತ. ಅಲ್ಲಿಂದ ಡ್ರೂಯಿಡ್ಸ್ ಇಳಿದು ಬರುವ ಕಾರುಗಳು ಗ್ರಹಾಂ ಹಿಲ್ ಬೆಂಡ್‌ನಲ್ಲಿ ಎಡಕ್ಕೆ ತಿರುಗಿ, ಕೂಪರ್ ಸ್ಟ್ರೈಟ್ ಹಿಡಿದು ಹೋಗುವುದು ಕಾಣುತ್ತದೆ.

ದೀಪ ಆರಿತು. ಶಬ್ದ ಮೊದಲು ಬಂತು, ಕಾರು ಆಮೇಲೆ. ಡ್ರೂಯಿಡ್ಸ್‌ನಲ್ಲಿ ಎಲ್ಲರೂ ಒಟ್ಟಿಗೆ ಬ್ರೇಕ್ ಹಾಕಬೇಕು, ಜಾಗ ಇರುವುದು ಇಬ್ಬರಿಗೆ, ಬರುವುದು ನಾಲ್ಕು ಜನ. ಬಾಗಿಲಿಗೆ ಬಾಗಿಲು ಉಜ್ಜುವ ಸದ್ದು ದಿಬ್ಬದವರೆಗೂ ಕೇಳಿಸಿತು. ಕನ್ನಡಿಯೊಂದು ಹಾರಿತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ತಾತ್ಸಾರ ಇಲ್ಲಿ ಸ್ವಲ್ಪ ಕರಗಿತು ಅನ್ನಬೇಕು. ದೂರದಿಂದ ಗುದ್ದಾಟ ಅಂತ ಕಾಣುವುದು ಹತ್ತಿರದಿಂದ ಒರಗುವಿಕೆ. ತುಂಬಿದ ಬಸ್ಸಿನಲ್ಲಿ ಭುಜ ಕೊಟ್ಟು ಜಾಗ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಬೀಳಿಸುವುದಕ್ಕೂ ಒರಗುವುದಕ್ಕೂ ನಡುವಿನ ಗೆರೆ ಎಲ್ಲಿದೆ ಅಂತ ತೀರ್ಮಾನಿಸುವುದೇ ಸ್ಟೀವರ್ಡ್‌ಗಳ ಕೆಲಸ. ದಾಟಿದವರಿಗೆ ಸಮಯದ ದಂಡ, ಇಲ್ಲವೇ ಮುಂದಿನ ರೇಸಿನಲ್ಲಿ ಹಿಂದಿನ ಸಾಲು.

ನಾಲ್ಕನೆಯದೋ ಐದನೆಯದೋ ಸುತ್ತು. ಒಬ್ಬ ಆ ಗೆರೆ ದಾಟಿದ. ಹನ್ನೊಂದನೆಯವನೋ ಹನ್ನೆರಡನೆಯವನೋ ಆಗಿ ಬರುತ್ತಿದ್ದ ಕಾರಿನ ಹಿಂಬದಿಯ ಮೂಲೆಗೆ ಇನ್ನೊಂದರ ಮೂತಿ ತಾಗಿತು. ಜೋರಾಗಿ ಏನಲ್ಲ. ಆದರೆ ಇಳಿಜಾರು, ತಿರುವು, ತಪ್ಪಾದ ಕ್ಷಣ. ಕಾರು ಅಡ್ಡವಾಗಿ ಜಾರಿ, ಹುಲ್ಲು ದಾಟಿ, ಬಲ ಮೂತಿಯಿಂದ ಟೈರಿನ ಗೋಡೆಗೆ ಹೊಡೆಯಿತು. ಒಂದು ಸಲ ಇಡೀ ದಿಬ್ಬ 'ಹೋ' ಅಂದು ಸುಮ್ಮನಾಯಿತು. ಡ್ರೈವರ್ ಹೊರಗೆ ಬಂದ, ಕೈ ಎತ್ತಿದ, ಎಲ್ಲರೂ ಚಪ್ಪಾಳೆ ತಟ್ಟಿದರು. ಸೇಫ್ಟಿ ಕಾರ್ ಬಂತು.

ಆಮೇಲೆ ಕಿತ್ತಳೆ ಬಟ್ಟೆಯ ಮಾರ್ಷಲ್‌ಗಳು ಓಡಿದರು. ಇವರಿಗೆ ಸಂಬಳ ಇಲ್ಲ, ಎಲ್ಲರೂ ಸ್ವಯಂಸೇವಕರು. ಬೆಳಗ್ಗೆಯಿಂದ ಸಂಜೆವರೆಗೆ ನಿಂತಿರುತ್ತಾರೆ, ಮಳೆ ಬಂದರೂ. ಒಬ್ಬರು ಹಳದಿ ಬಾವುಟ ಬೀಸುತ್ತಿದ್ದರೆ, ಇಬ್ಬರು ಚೂರುಗಳನ್ನು ಹೆಕ್ಕಿದರು, ಮತ್ತೊಬ್ಬರು ಎಣ್ಣೆ ಚೆಲ್ಲಿದ ಕಡೆ ಸಿಮೆಂಟ್ ಪುಡಿ ಹಾಕಿ ಪೊರಕೆಯಿಂದ ಗುಡಿಸಿದರು. ಹೌದು, ಪೊರಕೆ. ಇಷ್ಟು ವೇಗದ ಆಟದ ನಟ್ಟನಡುವೆ ಒಂದು ಪೊರಕೆ ನೋಡಿ ನನಗೆ ಖುಷಿಯಾಯಿತು.

ರೇಸ್ ಮುಗಿಯಿತು. ಜನ ಗೆದ್ದವರ ಕಡೆ ಹೋದರು. ನಾನು ಆ ಮುರಿದ ಕಾರು ಎಲ್ಲಿಗೆ ಹೋಯಿತು ಅಂತ ಹುಡುಕಿಕೊಂಡು ಹೊರಟೆ.

ಟೂರಿಂಗ್ ಕಾರಿನ ಒಂದು ಒಳ್ಳೆಯ ಗುಣ, ಪ್ಯಾಡಾಕ್‌ಗೆ, ಅಂದರೆ ತಂಡಗಳು ಬೀಡುಬಿಟ್ಟ ಜಾಗಕ್ಕೆ, ಯಾರು ಬೇಕಾದರೂ ಹೋಗಬಹುದು. ದೊಡ್ಡ ಲಾರಿಗಳು ಸಾಲಾಗಿ ನಿಂತಿರುತ್ತವೆ, ಅವುಗಳ ಪಕ್ಕಕ್ಕೆ ಡೇರೆ ಎಳೆದಿರುತ್ತಾರೆ. ಕಾರಿನ ಕೆಲಸ ನಡೆಯುವುದು ಅದರಡಿ. ನಮಗೂ ಅವರಿಗೂ ನಡುವೆ ಒಂದು ಹಗ್ಗ ಅಷ್ಟೇ. ಬ್ರಾಂಡ್ಸ್ ಹ್ಯಾಚ್‌ನ ಪ್ಯಾಡಾಕ್ ಟ್ರ್ಯಾಕಿನ ಹೊಟ್ಟೆಯೊಳಗಿದೆ. ಈ ಕಡೆ ಪಿಟ್ ಮುಂದಿನ ನೇರ ರಸ್ತೆ, ಆ ಕಡೆ ಕೂಪರ್ ಸ್ಟ್ರೈಟ್. ಬೇರೆ ರೇಸ್ ನಡೆಯುವಾಗ ಎರಡೂ ಕಿವಿಗೆ ಸರದಿಯಲ್ಲಿ ಶಬ್ದ ಬೀಳುತ್ತಿರುತ್ತದೆ.

ಕಾರು ಸಿಕ್ಕಿತು. ತಂಡದ ಹೆಸರು ಹೇಳುವುದಿಲ್ಲ, ಪಾಪ, ಅವರು ಕೆಲಸ ಮಾಡುತ್ತಿದ್ದರು, ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮುಂದಿನ ಬಂಪರ್ ಇರಲಿಲ್ಲ. ರೇಡಿಯೇಟರ್ ಒಡೆದು ನೀರು ತೊಟ್ಟಿಕ್ಕುತ್ತಿತ್ತು. ಬಲ ಮುಂದಿನ ಚಕ್ರ ಕಾಲು ಉಳುಕಿದವರ ಪಾದದ ಹಾಗೆ ಹೊರಕ್ಕೆ ತಿರುಗಿತ್ತು. ಎರಡನೇ ರೇಸಿಗೆ ಎರಡೂವರೆ ಗಂಟೆ ಇತ್ತು. ನಾನಾಗಿದ್ದರೆ ಬಾಗಿಲಿಗೆ 'ಕೆಟ್ಟಿದೆ' ಅಂತ ಬೋರ್ಡ್ ನೇತುಹಾಕಿ ಸೋಮವಾರ ಬರುತ್ತೇನೆ ಅನ್ನುತ್ತಿದ್ದೆ.

ಆರು ಜನ ಇದ್ದರು. ಮುಖ್ಯ ಮೆಕ್ಯಾನಿಕ್ ಒಬ್ಬ ಹೆಂಗಸು, ಅವರನ್ನು ನಂಬರ್ ಒನ್ ಅಂತ ಕರೆಯುತ್ತಾರೆ. ಅವರು ಮೊದಲು ಏನೂ ಮುಟ್ಟಲಿಲ್ಲ. ಟಾರ್ಚ್ ಹಿಡಿದು ಕಾರಿನ ಕೆಳಗೆ ಮಲಗಿದರು, ಎರಡು ನಿಮಿಷ ನೋಡಿದರು, ಎದ್ದು ಬಂದು ನಾಲ್ಕು ಮಾತು ಹೇಳಿದರು. ಇಷ್ಟೇ. ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಇದು ನನಗೆ ಗೊತ್ತಿರುವ ಮೌನ. ಒಳ್ಳೆ ಜೊತೆಗಾರ ಇದ್ದರೆ ಶಾಫ್ಟ್ ಒಳಗೆ ನಾವೂ ಹೀಗೇ. ಕೈ ಚಾಚಿದರೆ ಬೇಕಾದ ಸ್ಪ್ಯಾನರ್ ಬಂದು ಕೂರುತ್ತದೆ.

ಕಾರಿನ ಹೊಟ್ಟೆಯಲ್ಲೇ ಗಾಳಿಯ ಜ್ಯಾಕ್ ಇದೆ. ಪೈಪ್ ಸಿಕ್ಕಿಸಿದರೆ 'ಟುಸ್' ಅಂತ ನಾಲ್ಕು ಕಾಲಿನ ಮೇಲೆ ಎದ್ದು ನಿಲ್ಲುತ್ತದೆ. ಚಕ್ರಕ್ಕೆ ನಡುವೆ ಒಂದೇ ನಟ್. ಐದು ನಿಮಿಷದಲ್ಲಿ ಮುಂಭಾಗ ಬರಿ ಮೂಳೆ. ಆಗ ಕಾಣಿಸಿತು, ಸಸ್ಪೆನ್ಶನ್ನಿನ ತೋಳುಗಳು ಬಾಗಿವೆ, ಅವು ಕೂರುವ ಚೌಕಟ್ಟೂ ಎಳೆದುಕೊಂಡಿದೆ. ಈ ಚೌಕಟ್ಟಿಗೆ ಸಬ್‌ಫ್ರೇಮ್ ಅನ್ನುತ್ತಾರೆ. ಕಥೆಯ ಗುಟ್ಟು ಇಲ್ಲಿದೆ. 2011ರಲ್ಲಿ ಎನ್‌ಜಿಟಿಸಿ ಅನ್ನುವ ಹೊಸ ನಿಯಮ ಬಂದಾಗ ಖರ್ಚು ಇಳಿಸಬೇಕು ಅಂತ ಎಲ್ಲ ತಂಡಗಳಿಗೂ ಹಲವು ಭಾಗಗಳನ್ನು ಒಂದೇ ಮಾಡಿದರು. ಗೇರ್‌ಬಾಕ್ಸ್, ಬ್ರೇಕ್, ಮುಂದಿನ ಹಿಂದಿನ ಸಬ್‌ಫ್ರೇಮ್, ಸಸ್ಪೆನ್ಶನ್, ಎಲ್ಲ. ಮೇಲಿನ ಚರ್ಮ ಫೋರ್ಡ್, ಹ್ಯುಂಡೈ, ಟೊಯೋಟಾ. ಒಳಗಿನ ಎಲುಬು ಬಹುಪಾಲು ಒಂದೇ. ಸಬ್‌ಫ್ರೇಮನ್ನು ಕಾರಿನ ದೇಹಕ್ಕೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ. ಬಾಗಿದರೆ ಬಡಿದು ನೆಟ್ಟಗೆ ಮಾಡುತ್ತಾ ಕೂರಬೇಕಿಲ್ಲ, ಬಿಚ್ಚಿ ಬೇರೆಯದನ್ನು ಹಾಕಬಹುದು.

ಬಿಚ್ಚಿ ಹಾಕಬಹುದು ಅಂತ ಬರೆಯುವುದು ಸುಲಭ. ಅದರ ಜೊತೆ ಎಂಜಿನ್ನಿನ ಕೊಳವೆಗಳು, ವೈರ್‌ಗಳು, ಡ್ರೈವ್‌ಶಾಫ್ಟ್, ಸ್ಟೀರಿಂಗ್, ಎಲ್ಲವನ್ನೂ ಬಿಡಿಸಬೇಕು. ಒಬ್ಬ ಹುಡುಗ ಬಿಚ್ಚಿದ ಒಂದೊಂದು ಬೋಲ್ಟನ್ನೂ ತಟ್ಟೆಯಲ್ಲಿ, ಬಿಚ್ಚಿದ ಸಾಲಿನಲ್ಲೇ ಜೋಡಿಸುತ್ತಿದ್ದ. ಅರ್ಜೆಂಟಿನಲ್ಲಿ ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿದುಬಿಡುತ್ತಾರೆ, ಆಮೇಲೆ ಅದರೊಳಗೆ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ನಾನೇ ಹಾಗೆ ಮಾಡಿದ್ದೇನೆ, ಒಂದು ಆಸ್ಪತ್ರೆಯ ಲಿಫ್ಟಿನಲ್ಲಿ. ಆ ಕಥೆ ಬೇಡ.

ಡ್ರೈವರ್ ಎಲ್ಲಿದ್ದ ಅಂತೀರಾ? ಡೇರೆಯ ಮೂಲೆಯಲ್ಲಿ, ರೇಸಿಂಗ್ ಸೂಟಿನ ತೋಳನ್ನು ಸೊಂಟಕ್ಕೆ ಕಟ್ಟಿಕೊಂಡು, ಹೊಸ ಬಂಪರಿಗೆ ಸ್ಟಿಕ್ಕರ್ ಅಂಟಿಸುತ್ತಿದ್ದ. ಪ್ರಾಯೋಜಕರ ಹೆಸರು ಒಂದು ಕಡೆ ಸೊಟ್ಟಗಾಯಿತು. ತೆಗೆದ, ಮತ್ತೆ ಅಂಟಿಸಿದ. ಹಗ್ಗದ ಹತ್ತಿರ ಒಬ್ಬಳು ಪುಟ್ಟ ಹುಡುಗಿ ಬಂದು ಒಡೆದ ಬಂಪರಿನ ಚೂರು ಕೇಳಿದಳು. ಅವನು ಚೂಪಾದ ಅಂಚಿಗೆ ಟೇಪ್ ಸುತ್ತಿ, ಸಹಿ ಹಾಕಿ ಕೊಟ್ಟ. ಅವನ ಮುಖದಲ್ಲಿ ಸಿಟ್ಟಿತ್ತು, ಆದರೆ ಟೇಪನ್ನು ನೀಟಾಗಿ ಸುತ್ತಿದ್ದ.

ಕೆಲಸ ಶುರುವಾಗಿ ಒಂದೂವರೆ ಗಂಟೆ ಆಗುವ ಹೊತ್ತಿಗೆ ಹೊಸ ಸಬ್‌ಫ್ರೇಮ್ ಮೇಲೆ ಹೋಯಿತು. ಒಂದು ಬೋಲ್ಟ್ ಕೂರಲಿಲ್ಲ. ದೇಹದ ತಗಡೇ ಎಲ್ಲೋ ಎರಡು ಮಿಲಿಮೀಟರ್ ಸರಿದಿತ್ತು ಅಂತ ಕಾಣುತ್ತದೆ. ನಂಬರ್ ಒನ್ ಒಂದು ಪಟ್ಟಿ ತಂದರು, ಲಾರಿಯಲ್ಲಿ ಸಾಮಾನು ಬಿಗಿಯುವ ರ‍್ಯಾಚೆಟ್ ಪಟ್ಟಿ. ಒಂದು ತುದಿ ಕಾರಿಗೆ, ಇನ್ನೊಂದು ತುದಿ ತಮ್ಮದೇ ಲಾರಿಯ ಚಾಸಿಗೆ. ಟಿಕ್, ಟಿಕ್, ಟಿಕ್. ಎಲ್ಲರೂ ಬೋಲ್ಟ್ ತೂತನ್ನೇ ನೋಡುತ್ತಿದ್ದರು. ಇನ್ನೊಂದು ಟಿಕ್. ಬೋಲ್ಟ್ ಬೆರಳಲ್ಲೇ ತಿರುಗಿ ಒಳಗೆ ಹೋಯಿತು. ನಾನು ನನಗೇ ಗೊತ್ತಿಲ್ಲದ ಹಾಗೆ "ಅಬ್ಬಾ" ಅಂದೆ. ಹಗ್ಗದ ಆಚೆಯಿಂದ ಒಬ್ಬ ತಿರುಗಿ ನೋಡಿ ನಕ್ಕ.

ಇನ್ನು ದಾರದ ವಿಷಯ. ಇಷ್ಟೊಂದು ಕಂಪ್ಯೂಟರ್, ಸೆನ್ಸರ್ ಇರುವ ಕಾರಿನ ಚಕ್ರಗಳು ನೆಟ್ಟಗಿವೆಯೋ ಇಲ್ಲವೋ ಅಂತ ಹೇಗೆ ನೋಡುತ್ತಾರೆ ಗೊತ್ತಾ? ದಾರ ಕಟ್ಟಿ. ಕಾರನ್ನು ಮಟ್ಟವಾದ ಹಲಗೆಗಳ ಮೇಲೆ ನಿಲ್ಲಿಸುತ್ತಾರೆ. ಎರಡೂ ಪಕ್ಕ, ಚಕ್ರದ ನಡುಮಟ್ಟಕ್ಕೆ, ಒಂದಕ್ಕೊಂದು ಸಮಾನಾಂತರವಾಗಿ ದಾರ ಎಳೆದು ಕಟ್ಟುತ್ತಾರೆ. ಆಮೇಲೆ ಉಕ್ಕಿನ ಸ್ಕೇಲ್ ಹಿಡಿದು ರಿಮ್ಮಿನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಅಂತ ಅಳೆಯುತ್ತಾರೆ. ಆ ವ್ಯತ್ಯಾಸವೇ ಟೋ. ಚಕ್ರ ಎಷ್ಟು ಒಳಮುಖ, ಎಷ್ಟು ಹೊರಮುಖ ಅನ್ನುವ ಲೆಕ್ಕ. ಅರ್ಧ ಮಿಲಿಮೀಟರಿಗೆಲ್ಲ ಅವರು ತಲೆ ಅಲ್ಲಾಡಿಸಿ ಮತ್ತೆ ತಿರುಗಿಸುತ್ತಿದ್ದರು.

ನಾವೂ ಲಿಫ್ಟಿನ ಗೈಡ್ ರೈಲ್ ಕೂರಿಸುವಾಗ ಮೇಲಿನಿಂದ ತಂತಿ ಇಳಿಬಿಡುತ್ತೇವೆ. ತುದಿಗೆ ತೂಕ ಕಟ್ಟಿ, ಅದು ಅಲ್ಲಾಡುವುದು ನಿಲ್ಲುವವರೆಗೆ ಕಾಯುತ್ತೇವೆ. ಈಗ ಲೇಸರ್ ಇದೆ. ಆದರೂ ಅನುಮಾನ ಬಂದರೆ ನಾನು ತಂತಿಯನ್ನೇ ನಂಬುವುದು. ದಾರ ಹಿಡಿದಿದ್ದವನು ಅದೇ ಬೋಲ್ಟ್ ಜೋಡಿಸಿದ ಹುಡುಗ, ವಯಸ್ಸು ಇಪ್ಪತ್ತರ ಆಸುಪಾಸು. ಗಾಳಿ ಬೀಸಿ ದಾರ ನಡುಗಿದಾಗ ಅವನು ಅಳೆಯಲಿಲ್ಲ. ಸ್ಕೇಲ್ ಹಿಡಿದು ಹಾಗೇ ಮಂಡಿಯೂರಿ ಕೂತ. ಹಿಂದಿನಿಂದ ಯಾರೋ "ಇಪ್ಪತ್ತು ನಿಮಿಷ" ಅಂತ ಕೂಗಿದರು. ಅವನು ಕದಲಲಿಲ್ಲ. ದಾರ ನಿಂತ ಮೇಲೆ ಅಳೆದ.

ಆ ವಾರಾಂತ್ಯದ ಅತಿ ಧೈರ್ಯದ ಕೆಲಸ ನನ್ನ ಪ್ರಕಾರ ಅದೇ.

ಕಾರು ಹೊರಟಾಗ ಒಂದು ಬಾಗಿಲು ಬೇರೆ ಬಣ್ಣದ್ದು, ಬಾನೆಟ್ ಅಂಚಿಗೆ ಟೇಪ್, ಒಂದು ಹೆಡ್‌ಲೈಟ್ ಜಾಗದಲ್ಲಿ ಬರಿ ಹೆಡ್‌ಲೈಟಿನ ಸ್ಟಿಕ್ಕರ್. ಎರಡನೇ ರೇಸಿಗೆ ಎಲ್ಲರಿಗಿಂತ ಕೊನೆಗೆ ನಿಂತಿತು. ನಾನು ದಿಬ್ಬಕ್ಕೆ ಓಡಿದೆ. ಮುಂದೆ ಯಾರಿದ್ದಾರೆ ಅಂತ ಒಮ್ಮೆಯೂ ನೋಡಲಿಲ್ಲ. ಕೊನೆಯ ಕಾರಿನ ಬಲ ಮುಂದಿನ ಚಕ್ರವನ್ನೇ ನೋಡುತ್ತಾ ನಿಂತೆ. ಅದು ಗ್ರಹಾಂ ಹಿಲ್‌ನಲ್ಲಿ ಮೊದಲ ಸಲ ಪೂರ್ತಿ ಭಾರ ತಗೊಂಡಾಗ ನನ್ನ ಮುಷ್ಟಿ ಬಿಗಿಯಾಗಿತ್ತು. ಅಲ್ಲಾಡಲಿಲ್ಲ. ಒಂದೊಂದೇ ಕಾರು ದಾಟುತ್ತಾ ಬಂದು ಹದಿನೆಂಟನೆಯವನಾಗಿ ಮುಗಿಸಿದ. ಪಾಯಿಂಟ್ ಸಿಗುವುದು ಮೊದಲ ಹದಿನೈದು ಜನಕ್ಕೆ. ಗೆದ್ದವನಿಗೆ 20, ಹದಿನೈದನೆಯವನಿಗೆ 1. ಇವನಿಗೆ ಸೊನ್ನೆ.

ಮೂರನೇ ರೇಸಿಗೆ ಮುಂಚೆ ಒಂದು ತಮಾಷೆ ಇದೆ. ಚೀಟಿ ಎತ್ತುವ ಹಾಗೆ ಒಂದು ಸಂಖ್ಯೆ ಆರಿಸುತ್ತಾರೆ. ಹತ್ತು ಅಂತ ಬಂದರೆ, ಎರಡನೇ ರೇಸಿನ ಹತ್ತನೆಯವನು ಮೊದಲ ಜಾಗದಲ್ಲಿ, ಗೆದ್ದವನು ಹತ್ತನೆಯ ಜಾಗದಲ್ಲಿ. ತಲೆಕೆಳಗು. ಇದೊಂದೇ ಅಲ್ಲ, ಗೆದ್ದವನನ್ನು ಕಟ್ಟಿಹಾಕುವುದು ಇಲ್ಲಿ ಹಳೆಯ ಅಭ್ಯಾಸ. 2021ರವರೆಗೆ ಗೆಲ್ಲುವವರ ಕಾರಿಗೆ ತೂಕದ ಗಟ್ಟಿಗಳನ್ನು ಹೇರುತ್ತಿದ್ದರು. 2022ರಲ್ಲಿ ಎಂಜಿನ್ನಿಗೆ ಹೆಚ್ಚಿನ ಶಕ್ತಿ ಸೇರಿಸುವ ಹೈಬ್ರಿಡ್ ವಿದ್ಯುತ್ ಮೋಟಾರು ಬಂದ ಮೇಲೆ ಮುಂದಿರುವವರಿಗೆ ಆ ಹೆಚ್ಚಿನ ಶಕ್ತಿ ಬಳಸಲು ಕಡಿಮೆ ಅವಕಾಶ ಕೊಟ್ಟರು. ಶನಿವಾರ ಇದನ್ನು ಕೇಳಿದಾಗ ನನಗೆ ಅನ್ಯಾಯ ಅನ್ನಿಸಿತ್ತು. ಗೆದ್ದಿದ್ದಕ್ಕೆ ಶಿಕ್ಷೆಯೇ ಅಂತ ಹಿರಿಯರ ಜೊತೆ ವಾದ ಮಾಡಿದ್ದೆ. ಅವರು ನನ್ನ ಕೆಲಸ ಏನು ಅಂತ ಕೇಳಿದ್ದರು. ಹೇಳಿದೆ. "ಲಿಫ್ಟಿಗೂ ಎದುರುತೂಕ ಇರುತ್ತದಲ್ಲ, ಅದೇನು ಲಿಫ್ಟಿಗೆ ಶಿಕ್ಷೆಯಾ?" ಅಂದರು. ಹೋಲಿಕೆ ಸರಿಯಿಲ್ಲ ಅಂತ ಈಗಲೂ ನನ್ನ ವಾದ. ಆದರೆ ಆ ಕ್ಷಣಕ್ಕೆ ಬಾಯಿ ಕಟ್ಟಿತು.

ಈ ತಲೆಕೆಳಗಿನಿಂದ ನಮ್ಮ ಕಾರಿಗೆ ಲಾಭವಿಲ್ಲ, ಹದಿನೆಂಟನೆಯವನು ಹದಿನೆಂಟರಲ್ಲೇ. ನೋಡಿ, ನಮ್ಮ ಕಾರು ಅಂತ ಬರೆದುಬಿಟ್ಟೆ. ಬೆಳಗ್ಗೆ ಆ ಡ್ರೈವರಿನ ಹೆಸರೂ ನನಗೆ ಗೊತ್ತಿರಲಿಲ್ಲ. ಮೂರನೇ ರೇಸಿನಲ್ಲಿ ಅದು ಹದಿನಾಲ್ಕನೆಯದಾಗಿ ಮುಗಿಸಿತು. ಎರಡು ಪಾಯಿಂಟ್. ಕೊನೆಯ ಸುತ್ತಿನಲ್ಲಿ ಹದಿನೈದನೆಯವನು ಡ್ರೂಯಿಡ್ಸ್‌ನಲ್ಲಿ ಒಳಗೆ ನುಗ್ಗಲು ನೋಡಿದ. ಆ ಬೇರೆ ಬಣ್ಣದ ಬಾಗಿಲಿಗೇ ಒರಗಿದ. ಬಾಗಿಲು ತಡೆದುಕೊಂಡಿತು. ನನ್ನ ಸುತ್ತ ಎಲ್ಲರೂ ಮೊದಲ ಮೂವರನ್ನು ನೋಡಿ ಕೂಗುತ್ತಿದ್ದರು. ನಾನೊಬ್ಬನೇ ಬೇರೆ ಕಡೆ ತಿರುಗಿಕೊಂಡು ಕೂಗುತ್ತಿದ್ದೆ. ಪಕ್ಕದವರು ವಿಚಿತ್ರವಾಗಿ ನೋಡಿದರು.

ಹೊರಡುವ ಮುಂಚೆ ಇನ್ನೊಮ್ಮೆ ಪ್ಯಾಡಾಕ್‌ಗೆ ಹೋದೆ. ಡೇರೆ ಅರ್ಧ ಇಳಿದಿತ್ತು. ಬಾಗಿದ ಸಬ್‌ಫ್ರೇಮ್ ಒಂದು ಮೂಲೆಯಲ್ಲಿ ಬಿದ್ದಿತ್ತು. ನಂಬರ್ ಒನ್ ಟೂಲ್ ಪೆಟ್ಟಿಗೆಯ ಡ್ರಾಗಳನ್ನು ಒಂದೊಂದಾಗಿ ಎಳೆದು, ಖಾಲಿ ಜಾಗ ಇದೆಯೇ ಅಂತ ನೋಡಿ ಮುಚ್ಚುತ್ತಿದ್ದರು. ಆ ಹುಡುಗ ಲಾರಿಯ ಮೆಟ್ಟಿಲ ಮೇಲೆ ಕೂತಿದ್ದ. ಮಡಿಲಲ್ಲಿ ಅದೇ ದಾರ, ಗಂಟು ಗಂಟಾಗಿ. ಯಾರೋ ಅವಸರದಲ್ಲಿ ಕಿತ್ತು ಹಾಕಿದ್ದರು. ಕತ್ತರಿಸಿ ಎಸೆಯಬಹುದಿತ್ತು, ದಾರಕ್ಕೇನು ಮಹಾ. ಅವನು ಬಿಡಿಸುತ್ತಿದ್ದ.

ಹಗ್ಗ ಇಲ್ಲದಿದ್ದರೂ ನಾನು ಅದೇ ಜಾಗದಲ್ಲಿ ನಿಂತೆ. ಅವನು ತಲೆ ಎತ್ತಿದ. ಮಧ್ಯಾಹ್ನ 'ಅಬ್ಬಾ' ಅಂದವನು ಅಂತ ಗುರುತು ಸಿಕ್ಕಿತೋ ಏನೋ, ಏನೂ ಮಾತಾಡದೆ ಬಿಡಿಸಿದ ತುದಿಯನ್ನು ನನ್ನ ಕಡೆ ಚಾಚಿದ. ನಾನು ಹಿಡಿದುಕೊಂಡು ಹಿಂದಕ್ಕೆ ನಡೆದೆ, ದಾರ ಬಿಗಿಯಾಗುವವರೆಗೆ.